ಗರ್ಭಿಣಿಯ ಮುಖದ ಕೀವುಗಂಟುಗಳು: ಹೆರಿಗೆಯವರೆಗೆ ಕಾಯಬೇಕೇ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ನಂತರ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಗರ್ಭಿಣಿಯರ ಚರ್ಮದ ಬಗ್ಗೆ ಉಪನ್ಯಾಸ ಎಂದರೆ ಜನ ಸಾಮಾನ್ಯವಾಗಿ ನಿರೀಕ್ಷಿಸುವುದು ಹೊಟ್ಟೆಯ ಮೇಲಿನ ಗೆರೆ, ಕೆನ್ನೆಯ ಬಂಗು, ಮೈ ತುರಿಕೆ ಇಂಥ ವಿಷಯಗಳನ್ನು. ಇವುಗಳಲ್ಲಿ ಬಹುಪಾಲು ತಾನಾಗಿ ಬಂದು ತಾನಾಗಿ ಹೋಗುವಂಥವು. ಅವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಂದು ಎತ್ತಿಕೊಂಡಿರುವುದು ಅಪರೂಪಕ್ಕೆ ಬರುವ, ಬಂದಾಗ ಮಾತ್ರ ಮನೆಮಂದಿಯಿರಲಿ, ವೈದ್ಯರೂ ಒಂದು ಕ್ಷಣ ತಬ್ಬಿಬ್ಬಾಗುವ ಕಾಯಿಲೆಯನ್ನು. ಅದರ ಹೆಸರು ರೊಸೇಸಿಯಾ ಫಲ್ಮಿನನ್ಸ್.

ಅಪರೂಪದ ಕಾಯಿಲೆಗೆ ಇಷ್ಟು ಹೊತ್ತು ಏಕೆ ಎಂದು ನೀವು ಕೇಳಬಹುದು. ಗರ್ಭಿಣಿಯ ಕಾಯಿಲೆಗಳನ್ನು ನಾವು ಒಟ್ಟಾರೆ ಹೇಗೆ ನೋಡುತ್ತೇವೆ ಎಂಬುದು ಈ ಒಂದು ಕಾಯಿಲೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಮುಖ ಊದಿಕೊಂಡು, ಕೀವು ಸೋರುತ್ತಾ ಬಂದ ಹೆಂಗಸಿಗೆ ಸಿಗುವ ಮೊದಲ ಉತ್ತರ ಎಷ್ಟೋ ಸಲ ಒಂದೇ: ‘ಹೆರಿಗೆಯಾಗಲಿ, ಆಮೇಲೆ ನೋಡೋಣ.’ ಆ ಉತ್ತರ ತಪ್ಪು ಎಂಬುದೇ ನನ್ನ ಇಂದಿನ ವಾದ. ಗರ್ಭಿಣಿಗೆ ಕೊಡಬಾರದ ಔಷಧಿಗಳು ಖಂಡಿತ ಇವೆ. ಕೊಡಬಹುದಾದವೂ ಇವೆ. ಏನನ್ನೂ ಕೊಡದೆ ಕೈಕಟ್ಟಿ ಕೂರುವುದರಲ್ಲೂ ಅಪಾಯವಿದೆ, ಆದರೆ ಅದನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ.

ಮೊದಲು ಕಾಯಿಲೆ ಹೇಗಿರುತ್ತದೆ ನೋಡೋಣ. ಸಾಧಾರಣ ಮೊಡವೆ ತಿಂಗಳುಗಟ್ಟಲೆ ಏರುತ್ತಾ ಇಳಿಯುತ್ತಾ ಇರುತ್ತದೆ. ಇದು ಹಾಗಲ್ಲ. ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮುಖದ ಚಹರೆಯೇ ಬದಲಾಗಿಬಿಡುತ್ತದೆ. ಕೆನ್ನೆ, ಗದ್ದ, ಹಣೆ, ಮೂಗಿನ ಆಸುಪಾಸು ಗಾಢ ಕೆಂಪಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕೆಂಪಾಗಿ ಕಾಣದೆ ನೇರಳೆ ಅಥವಾ ಕಂದು ಛಾಯೆಯಲ್ಲಿ ಕಾಣುವುದರಿಂದ ಕಾಯಿಲೆಯ ತೀವ್ರತೆಯನ್ನು ಕಡಿಮೆ ಅಂದಾಜು ಮಾಡುವುದುಂಟು. ಕೆಂಪಿನ ಮೇಲೆ ಸಣ್ಣ ಗುಳ್ಳೆಗಳು, ಕೀವುಗುಳ್ಳೆಗಳು, ಅವುಗಳ ನಡುವೆ ನೋಯುವ ದೊಡ್ಡ ಗಂಟುಗಳು. ಪಕ್ಕಪಕ್ಕದ ಗಂಟುಗಳು ಒಂದಕ್ಕೊಂದು ಕೂಡಿಕೊಂಡು ಚರ್ಮದಡಿಯಲ್ಲಿ ಸುರಂಗ ಮಾಡಿಕೊಳ್ಳುತ್ತವೆ. ಪರೀಕ್ಷಿಸುವಾಗ ಒಂದು ಗಂಟಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಒಂದು ಬೆರಳಿನಷ್ಟು ಆಚೆ ಇರುವ ಇನ್ನೊಂದು ತೂತಿನಿಂದ ಹಳದಿ ಮಿಶ್ರಿತ ಕೀವು ಹೊರಗೆ ಬರುತ್ತದೆ. ಬೆಳಿಗ್ಗೆ ಏಳುವಾಗ ದಿಂಬಿನ ಬಟ್ಟೆ ಕೆನ್ನೆಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ನೀರು ಚಿಮುಕಿಸಬೇಕು. ಇದನ್ನು ‘ಬರೀ ಮೊಡವೆ’ ಎಂದು ಕರೆಯುವವರು ಆ ದಿಂಬನ್ನು ನೋಡಿಲ್ಲ ಎಂದೇ ನನ್ನ ಅನಿಸಿಕೆ.

ಗಮನಿಸಬೇಕಾದ ಇನ್ನೂ ಕೆಲವು ಲಕ್ಷಣಗಳಿವೆ. ಮೊಡವೆಯ ಮುದ್ರೆಯಂತಿರುವ ಬ್ಲ್ಯಾಕ್‌ಹೆಡ್ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎದೆ, ಬೆನ್ನು ಸ್ವಚ್ಛವಾಗಿರುತ್ತವೆ. ಕಾಯಿಲೆ ಮುಖವನ್ನು ಬಿಟ್ಟು ಕೆಳಗಿಳಿಯುವುದು ಕಡಿಮೆ. ನೋಡುವವರಿಗೆ ಇಷ್ಟು ಭೀಕರವಾಗಿ ಕಂಡರೂ ಆಕೆಗೆ ಹೆಚ್ಚಾಗಿ ಜ್ವರವಿರುವುದಿಲ್ಲ. ಬರುವುದು ಬಹುತೇಕ ಹೆಂಗಸರಿಗೇ, ಅದರಲ್ಲೂ ಹದಿಹರೆಯ ದಾಟಿದ, ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ. ಇವರಲ್ಲಿ ಕೆಲವರಿಗೆ ಮೊದಲೇ ಮುಖ ಬೇಗ ಕೆಂಪೇರುವ ಸ್ವಭಾವ ಇದ್ದಿರಬಹುದು. ಹಲವರಿಗೆ ಅದೂ ಇರುವುದಿಲ್ಲ.

ಅಮೆರಿಕದ ಓಲಿಯರಿ ಮತ್ತು ಕೀರ್ಲ್ಯಾಂಡ್ ಎಂಬ ವೈದ್ಯರು ಇದನ್ನು 1940ರಲ್ಲಿ ಪಯೋಡರ್ಮಾ ಫೇಸಿಯಾಲೆ ಎಂಬ ಹೆಸರಿನಲ್ಲಿ ವರದಿ ಮಾಡಿದರು. ಕೀವು ಕಂಡಿದ್ದರಿಂದ ಅದನ್ನು ಬ್ಯಾಕ್ಟೀರಿಯಾದ ಸೋಂಕು ಎಂದು ಭಾವಿಸಿದ್ದು ಸಹಜವೇ. ತೊಡಕೆಂದರೆ, ಈ ಕೀವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಹೆಚ್ಚಿನ ಸಲ ಚರ್ಮದ ಮೇಲೆ ಯಾವಾಗಲೂ ವಾಸಿಸುವ ನಿರುಪದ್ರವಿ ಸೂಕ್ಷ್ಮಾಣುಗಳಷ್ಟೇ ಸಿಗುತ್ತವೆ, ಇಲ್ಲವೇ ಏನೂ ಬೆಳೆಯುವುದಿಲ್ಲ. 1992ರಲ್ಲಿ ಪ್ಲೆವಿಗ್, ಯಾನ್ಸೆನ್ ಮತ್ತು ಕ್ಲಿಗ್ಮನ್ ಇಪ್ಪತ್ತು ಹೊಸ ರೋಗಿಗಳ ವಿವರವನ್ನು ಮುಂದಿಟ್ಟು, ಇದು ರೊಸೇಸಿಯಾ, ಅಂದರೆ ಮುಖ ಪದೇಪದೇ ಕೆಂಪೇರಿ ಗುಳ್ಳೆಗಳೇಳುವ ದೀರ್ಘಕಾಲದ ಚರ್ಮರೋಗದ ಗುಂಪಿಗೆ ಸೇರಿದ ಸಿಡಿದೇಳುವ ರೂಪ ಎಂದು ವಾದಿಸಿದರು. ಇಂದಿನ ಹೆಸರು ನೆಲೆಗೊಂಡಿದ್ದು ಹಾಗೆ. ಇದರಿಂದ ಚಿಕಿತ್ಸೆಯ ದಾರಿಯೂ ಬದಲಾಯಿತು. ಸೋಂಕು ಎಂದುಕೊಂಡರೆ ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ಬದಲಿಸುತ್ತಾ ಹೋಗುತ್ತೀರಿ. ದೇಹದ ರಕ್ಷಣಾ ವ್ಯವಸ್ಥೆಯೇ ಹದ್ದು ಮೀರಿ ಎಬ್ಬಿಸಿದ ಉರಿಯೂತ ಎಂದು ಗೊತ್ತಾದರೆ ಮೊದಲು ಆ ಉರಿಯೂತವನ್ನು ತಣಿಸುತ್ತೀರಿ.

ಗರ್ಭಾವಸ್ಥೆಗೂ ಇದಕ್ಕೂ ಏನು ನಂಟು? ವರದಿಯಾದ ಪ್ರಚೋದಕಗಳ ಪಟ್ಟಿಯಲ್ಲಿ ಗರ್ಭಧಾರಣೆಯೇ ಮುಖ್ಯವಾದದ್ದು. ಗರ್ಭನಿರೋಧಕ ಮಾತ್ರೆ, ತೀವ್ರ ಮಾನಸಿಕ ಒತ್ತಡ, ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳು, ಹೆಚ್ಚಿನ ಪ್ರಮಾಣದ ಬಿ ವಿಟಮಿನ್‌ಗಳು ಇವೂ ಪಟ್ಟಿಯಲ್ಲಿವೆ. ಹಾರ್ಮೋನುಗಳ ಏರಿಳಿತದ ಜೊತೆಗೆ, ಮಗುವನ್ನು ಪರಕೀಯ ಎಂದು ತಳ್ಳಿಹಾಕದಿರಲು ತಾಯಿಯ ರೋಗನಿರೋಧಕ ವ್ಯವಸ್ಥೆ ಮಾಡಿಕೊಳ್ಳುವ ಮರುಹೊಂದಾಣಿಕೆಯೂ ಇಲ್ಲಿ ಪಾತ್ರ ವಹಿಸುತ್ತದೆ ಎಂಬುದು ಸದ್ಯದ ವಿವರಣೆ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಆಕೆ ತಿಂದದ್ದು, ಮುಖ ತೊಳೆಯದೆ ಬಿಟ್ಟದ್ದು, ಯಾವುದೋ ದಿಂಬು ಬಳಸಿದ್ದು ಇದಕ್ಕೆ ಕಾರಣವಲ್ಲ. ಹಾಗೆ ಕಾರಣ ಹುಡುಕಿಕೊಡುವ ಬಂಧುಗಳು ಪ್ರತಿ ಮನೆಯಲ್ಲೂ ಇರುತ್ತಾರೆ.

ಗರ್ಭಿಣಿಯ ಮುಖ ಕೆಂಪಾಗಿ ಊದಿದರೆ ಅದೆಲ್ಲವೂ ಇದೇ ಕಾಯಿಲೆ ಎಂದು ಹೊರಡುವಂತಿಲ್ಲ. ಬೇರೆ ಕೆಲವು ಸಾಧ್ಯತೆಗಳು ಇದಕ್ಕಿಂತ ತುರ್ತಿನವು. ಜ್ವರ, ಚಳಿಯ ಜೊತೆ ಒಂದೇ ಕಡೆಯ ಕೆನ್ನೆ ಬಿಸಿಯಾಗಿ, ಅಂಚು ಸ್ಪಷ್ಟವಾಗಿ ಕೆಂಪಗೆ ಹರಡುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಎರಿಸಿಪೆಲಸ್ ಇರಬಹುದು. ಅದಕ್ಕೆ ಅಂದೇ ಆಂಟಿಬಯೋಟಿಕ್ ಬೇಕು. ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಒಡೆದು, ಕೊರೆದಂತೆ ಹುಣ್ಣಾಗುತ್ತಿದ್ದರೆ ಹರ್ಪಿಸ್ ವೈರಸ್ಸನ್ನು ಮರೆಯಬಾರದು. ಅಲ್ಲಿ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಕೆನ್ನೆ ಮೂಗುಗಳ ಮೇಲೆ ಚಿಟ್ಟೆಯಾಕಾರದ ಕೆಂಪು ಇದ್ದು, ಕೀವಿಲ್ಲದೆ, ಮೂಗಿನ ಪಕ್ಕದ ಮಡಿಕೆಯನ್ನು ಬಿಟ್ಟು ಹರಡಿದ್ದರೆ ಲೂಪಸ್, ಅಂದರೆ ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆಯ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಅದು ಗರ್ಭಕ್ಕೂ ಸಂಬಂಧಿಸಿದ ವಿಷಯ. ಅಕ್ನಿ ಫಲ್ಮಿನನ್ಸ್ ಎಂಬ, ಹೆಸರಿನಲ್ಲಿ ಹತ್ತಿರದ ಇನ್ನೊಂದು ಕಾಯಿಲೆಯಿದೆ. ಅದು ಹೆಚ್ಚಾಗಿ ಹದಿಹರೆಯದ ಹುಡುಗರಿಗೆ, ಎದೆ ಬೆನ್ನಿನ ಮೇಲೆ, ಜ್ವರ ಕೀಲುನೋವುಗಳ ಸಮೇತ ಬರುವಂಥದ್ದು.

ಮತ್ತೊಂದು ಸಾಧ್ಯತೆಯನ್ನು ಬೇಕೆಂದೇ ಪ್ರತ್ಯೇಕವಾಗಿ ಹೇಳುತ್ತಿದ್ದೇನೆ. ಮುಖ ಬೆಳ್ಳಗಾಗಲೆಂದೋ, ಬಂಗು ಹೋಗಲೆಂದೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿಕೊಂಡವರು ಬಸುರಾದ ಕೂಡಲೇ ಒಳ್ಳೆಯದಕ್ಕೇ ಎಂದು ಅದನ್ನು ಒಮ್ಮೆಲೇ ನಿಲ್ಲಿಸುತ್ತಾರೆ. ಎರಡು ವಾರದೊಳಗೆ ಮುಖ ಉರಿದು, ಕೆಂಪಾಗಿ, ಗುಳ್ಳೆಗಳೇಳುತ್ತವೆ. ದೋಷ ಬಸುರಿನ ಮೇಲೆ ಬೀಳುತ್ತದೆ. ಆದ್ದರಿಂದ ಹಿಂದೆ ಏನೇನು ಹಚ್ಚಿದ್ದಿರಿ ಎಂದು ವೈದ್ಯರು ಕೇಳಿದಾಗ ನಾಚಿಕೆಪಡದೆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಅರ್ಧ ರೋಗನಿರ್ಣಯ ಆ ಟ್ಯೂಬಿನ ಮೇಲೆ ಅಚ್ಚಾಗಿರುತ್ತದೆ.

ಈಗ ಚಿಕಿತ್ಸೆಗೆ ಬರೋಣ. ಗರ್ಭಿಣಿಯಲ್ಲದ ಹೆಂಗಸಿಗಾದರೆ ದಾರಿ ನೇರವಾಗಿದೆ: ಮೊದಲು ಬಾಯಿಯ ಮೂಲಕ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ವಾರದ ನಂತರ ಐಸೊಟ್ರೆಟಿನೊಯಿನ್ ಸೇರಿಸಿ, ಸ್ಟೀರಾಯ್ಡನ್ನು ಮೆಲ್ಲಗೆ ಇಳಿಸಿ, ಐಸೊಟ್ರೆಟಿನೊಯಿನ್ ಅನ್ನು ಕೆಲವು ತಿಂಗಳು ಮುಂದುವರಿಸುವುದು. ಕಾಯಿಲೆ ಹೆಚ್ಚಾಗಿ ಸೋತು ಶರಣಾಗುತ್ತದೆ. ಗರ್ಭಿಣಿಯ ವಿಷಯದಲ್ಲಿ ಈ ಎರಡರಲ್ಲಿ ಒಂದು ಔಷಧಿಯ ಬಾಗಿಲು ಪೂರ್ತಿ ಮುಚ್ಚಿದೆ.

ಐಸೊಟ್ರೆಟಿನೊಯಿನ್ 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ತೀವ್ರ ಮೊಡವೆಗೆ ಅದರಷ್ಟು ಪರಿಣಾಮಕಾರಿಯಾದದ್ದು ಬೇರೆ ಇರಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದಲೇ ಅದು ಭ್ರೂಣಕ್ಕೆ ಮಾರಕ ಎಂದು ತಿಳಿದಿತ್ತು, ಎಚ್ಚರಿಕೆಯೂ ಇತ್ತು. ಆದರೂ ಗರ್ಭಿಣಿಯರು ತೆಗೆದುಕೊಂಡದ್ದು ನಿಲ್ಲಲಿಲ್ಲ. 1985ರಲ್ಲಿ ಲ್ಯಾಮರ್ ಮತ್ತು ಸಂಗಡಿಗರು ಅಂಥ 154 ಗರ್ಭಗಳ ವಿವರ ಪ್ರಕಟಿಸಿದರು. ಕಿವಿ ಬೆಳೆಯದ, ಹೃದಯದ ರಚನೆ ಕೆಟ್ಟ, ಮಿದುಳು ಸರಿಯಾಗಿ ರೂಪುಗೊಳ್ಳದ ಮಕ್ಕಳು ಆ ವರದಿಯಲ್ಲಿದ್ದಾರೆ. ಭ್ರೂಣದ ಮುಖ, ಕಿವಿ ಮತ್ತು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳನ್ನು ಕಟ್ಟುವ ಜೀವಕೋಶಗಳು ಮೊದಲ ವಾರಗಳಲ್ಲಿ ತಮ್ಮ ಜಾಗ ಹುಡುಕಿಕೊಂಡು ಹೊರಟಿರುತ್ತವೆ. ಈ ಔಷಧಿ ಆ ಪ್ರಯಾಣವನ್ನೇ ಕೆಡಿಸುತ್ತದೆ. ಹಾಗಾಗಿ ಇಲ್ಲಿ ‘ಸ್ವಲ್ಪ’, ‘ಒಂದೆರಡು ಮಾತ್ರೆ’ ಎಂಬ ಚೌಕಾಸಿಗೆ ಎಡೆಯಿಲ್ಲ. ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಬಾರದು. ತಿಳಿಯದೆ ತೆಗೆದುಕೊಂಡವರು ಅಂದೇ ನಿಲ್ಲಿಸಿ ಪ್ರಸೂತಿ ತಜ್ಞರನ್ನು ಕಾಣಬೇಕು.

ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮುಂತಾದ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ರೊಸೇಸಿಯಾಕ್ಕೆ ಒಳ್ಳೆಯವೇ. ಆದರೆ ಟೆಟ್ರಾಸೈಕ್ಲಿನ್ ಮಗುವಿನ ಮೂಳೆಯಲ್ಲೂ ಮೂಡುತ್ತಿರುವ ಹಲ್ಲಿನಲ್ಲೂ ಸೇರಿಕೊಂಡು ಹಲ್ಲನ್ನು ಶಾಶ್ವತವಾಗಿ ಹಳದಿ ಅಥವಾ ಕಂದಾಗಿಸುತ್ತದೆ. ಆದ್ದರಿಂದ ಈ ಗುಂಪನ್ನೂ ಗರ್ಭಿಣಿಯರಿಗೆ ಕೊಡುವುದಿಲ್ಲ. ಮೊಡವೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಗಂಡು ಭ್ರೂಣದ ಬೆಳವಣಿಗೆಗೆ ಬೇಕಾದ ಗಂಡು ಹಾರ್ಮೋನುಗಳಿಗೆ ಅಡ್ಡಬರುವುದರಿಂದ ಅದೂ ಬೇಡ. ಐಸೊಟ್ರೆಟಿನೊಯಿನ್ ಬಳಗದವೇ ಆದ ಅಡಪಲೀನ್, ಟ್ರೆಟಿನೊಯಿನ್, ಟಾಜರೊಟೀನ್ ಎಂದು ಬರೆದಿರುವ ಮುಲಾಮುಗಳನ್ನು ಬಸುರಿನ ಅವಧಿಗೆ ಪಕ್ಕಕ್ಕಿಡಿ.

ಇಷ್ಟು ಕೇಳಿದ ಮೇಲೆ ಭಯ ಹುಟ್ಟುವುದು ಸಹಜ. ಆ ಭಯಕ್ಕೆ ಇತಿಹಾಸವೂ ಇದೆ. ಗರ್ಭಿಣಿಯರೂ ನುಂಗುತ್ತಿದ್ದ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು, 1961ರ ಕೊನೆಗೆ ಹಿಂತೆಗೆದುಕೊಳ್ಳುವಷ್ಟರಲ್ಲಿ ಸಾವಿರಾರು ಮಕ್ಕಳ ಕೈಕಾಲುಗಳನ್ನು ಕಿತ್ತುಕೊಂಡಿತ್ತು. ಜಗತ್ತು ಕಲಿತ ಪಾಠ ಸರಿಯಾದದ್ದೇ. ಆದರೆ ಅದರ ಬಾಲದಲ್ಲಿ ಇನ್ನೊಂದು ಅನ್ಯಾಯ ಬಂತು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಗರ್ಭ ಧರಿಸಬಲ್ಲ ಹೆಂಗಸರನ್ನು ಔಷಧಿಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಡಲು ಸೂಚಿಸಿತು. 1993ರವರೆಗೆ ಅದು ಹಾಗೇ ನಡೆಯಿತು. ಹೊರಗಿಟ್ಟಿದ್ದು ರಕ್ಷಣೆಯ ಹೆಸರಿನಲ್ಲಿ. ಪರಿಣಾಮವೆಂದರೆ ಗರ್ಭಿಣಿಗೆ ಯಾವ ಔಷಧಿ ಎಷ್ಟು ಸರಿ ಎಂಬ ಮಾಹಿತಿಯೇ ಬಡವಾಯಿತು. 1979ರಿಂದ ಅಲ್ಲಿನ ಔಷಧಿಗಳ ಮಾಹಿತಿಯಲ್ಲಿ, ಗರ್ಭಕ್ಕೆ ಎಷ್ಟು ಅಪಾಯ ಎಂದು ಸೂಚಿಸುವ ಎ, ಬಿ, ಸಿ, ಡಿ, ಎಕ್ಸ್ ಎಂಬ ಅಕ್ಷರಗಳು ಬಂದವು. ಪ್ರಾಣಿಗಳಲ್ಲಿ ಅಳೆದು ನೋಡಿ ಅಪಾಯ ಎಂದದ್ದೂ, ಯಾರೂ ಅಳೆಯದೆ ಬಿಟ್ಟದ್ದೂ ‘ಸಿ’ಯ ಗುಂಪಿನಲ್ಲಿ ಒಟ್ಟಿಗೇ ಬಿದ್ದಿದ್ದವು. 2015ರಿಂದ ಅಕ್ಷರಗಳ ಬದಲು ವಿವರಣೆ ಬರೆಯುವ ಪದ್ಧತಿ ಬಂದರೂ ಹಳೆಯ ಅಕ್ಷರ ನೋಡಿ ಬೆಚ್ಚುವ ಅಭ್ಯಾಸ ನಮ್ಮ ವೈದ್ಯರಲ್ಲೂ ಹೋಗಿಲ್ಲ.

ಹಾಗಾದರೆ ಕೈಯಲ್ಲಿ ಏನು ಉಳಿದಿದೆ? ಮೊದಲನೆಯದಾಗಿ ಪ್ರೆಡ್ನಿಸೊಲೋನ್. ಸ್ಟೀರಾಯ್ಡ್ ಎಂದ ಕೂಡಲೇ ಅತ್ತೆ, ತಾಯಿ, ಗಂಡ ಮೂವರೂ ಒಂದೇ ದನಿಯಲ್ಲಿ ಬೇಡ ಎನ್ನುತ್ತಾರೆ, ಬೇರೆ ಯಾವ ವಿಷಯದಲ್ಲೂ ಅವರಿಗೆ ಅಷ್ಟು ಒಮ್ಮತ ಇರುವುದಿಲ್ಲ. ಅವರಿಗೆ ನಾನು ಹೇಳುವುದು ಮಾಸುವಿನ ಕಥೆ. ತಾಯಿಗೂ ಮಗುವಿಗೂ ನಡುವೆ ಇರುವ ಮಾಸು ಒಂದು ಸುಂಕದ ಕಟ್ಟೆ. ಅಲ್ಲಿರುವ ಒಂದು ಕಿಣ್ವ ಪ್ರೆಡ್ನಿಸೊಲೋನಿನ ಬಹುಭಾಗವನ್ನು ನಿಷ್ಕ್ರಿಯ ರೂಪಕ್ಕೆ ತಿರುಗಿಸಿಬಿಡುತ್ತದೆ; ಮಗುವಿನ ರಕ್ತಕ್ಕೆ ತಲುಪುವುದು ತಾಯಿಯ ರಕ್ತದಲ್ಲಿರುವುದರ ಸುಮಾರು ಹತ್ತನೇ ಒಂದು ಪಾಲು. ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಎಂಬ ಬೇರೆ ಸ್ಟೀರಾಯ್ಡುಗಳನ್ನು ಈ ಕಿಣ್ವ ಅಷ್ಟಾಗಿ ತಡೆಯಲಾರದು. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಚುಚ್ಚುಮದ್ದಾಗಿ ಕೊಡುವುದು ಇವನ್ನೇ, ಏಕೆಂದರೆ ಅಲ್ಲಿ ಔಷಧಿ ಮಗುವಿಗೇ ಮುಟ್ಟಬೇಕು. ತಾಯಿಯ ಮುಖಕ್ಕೆ ಚಿಕಿತ್ಸೆ ಬೇಕಾದಾಗ ಮಗುವಿಗೆ ಕಡಿಮೆ ಮುಟ್ಟುವ ಪ್ರೆಡ್ನಿಸೊಲೋನ್ ಆರಿಸುತ್ತೇವೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಲೆಕ್ಕ ಇದು.

ಅಂದರೆ ಪ್ರೆಡ್ನಿಸೊಲೋನ್ ಪೂರ್ತಿ ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ಮೊದಲ ಮೂರು ತಿಂಗಳಲ್ಲಿ ಕೊಟ್ಟಾಗ ಸೀಳುತುಟಿಯ ಸಂಭವ ತುಸು ಹೆಚ್ಚುತ್ತದೆ ಎಂದು ಹಳೆಯ ಕೆಲವು ಅಧ್ಯಯನಗಳು ಸೂಚಿಸಿದ್ದವು, ನಂತರದ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ. ಆದ್ದರಿಂದ ಆ ಅವಧಿಯಲ್ಲಿ ಹೆಚ್ಚು ಯೋಚಿಸಿ, ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ತಾಯಿಗೆ ಸಕ್ಕರೆ ಏರಬಹುದು, ರಕ್ತದೊತ್ತಡ ಏರಬಹುದು. ದೀರ್ಘಕಾಲ ಹೆಚ್ಚು ಪ್ರಮಾಣ ಬೇಕಾದರೆ ಮಗುವಿನ ಬೆಳವಣಿಗೆಯ ಮೇಲೂ ಕಣ್ಣಿಡಬೇಕು. ಇದೆಲ್ಲ ಅಳೆಯಬಹುದಾದ, ಮುಂಚೆಯೇ ಹಿಡಿಯಬಹುದಾದ ಅಪಾಯ. ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಅರ್ಧದಿಂದ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಶುರುಮಾಡಿ, ಗಂಟುಗಳು ಇಳಿಯುತ್ತಿದ್ದಂತೆ ವಾರಗಳಲ್ಲಿ ಇಳಿಸುತ್ತಾ ಬರುತ್ತಾರೆ. ಮುಖ ತಿಳಿಯಾಯಿತೆಂದು ತಾನೇ ಒಮ್ಮೆಲೇ ನಿಲ್ಲಿಸುವುದು ಮಾತ್ರ ಕೂಡದು. ಕಾಯಿಲೆ ಮತ್ತೆ ಸಿಡಿಯುತ್ತದೆ, ದೇಹದ ಸ್ವಂತ ಸ್ಟೀರಾಯ್ಡ್ ಉತ್ಪಾದನೆಯೂ ಆಗ ಮಂಕಾಗಿರುತ್ತದೆ.

ಜೊತೆಗೆ ಅಜಿತ್ರೊಮೈಸಿನ್ ಅಥವಾ ಎರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಡುವುದುಂಟು. ಇಲ್ಲಿ ಅವುಗಳ ಕೆಲಸ ಸೂಕ್ಷ್ಮಾಣುಗಳನ್ನು ಕೊಲ್ಲುವುದಕ್ಕಿಂತ ಉರಿಯೂತ ತಗ್ಗಿಸುವುದು. ಎರಿಥ್ರೊಮೈಸಿನ್‌ನಲ್ಲಿ ಎಸ್ಟೊಲೇಟ್ ಎಂಬ ರೂಪ ಗರ್ಭಿಣಿಯ ಯಕೃತ್ತಿಗೆ ತೊಂದರೆ ಕೊಡುವುದರಿಂದ ಬೇರೆ ರೂಪ ಆರಿಸಬೇಕು. ಹಚ್ಚುವುದಕ್ಕೆ ಅಜೆಲಾಯಿಕ್ ಆಮ್ಲ, ಮೆಟ್ರೊನಿಡಜೋಲ್, ಕ್ಲಿಂಡಮೈಸಿನ್ ಇವೆ. ಚರ್ಮದಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ. ಆದರೆ ಸಿಡಿದೆದ್ದ ಹೊತ್ತಿನಲ್ಲಿ ಬರೀ ಮುಲಾಮಿನಿಂದ ಕೆಲಸ ಸಾಗದು.

ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಕಡೆಗಣಿಸುವ ಚಿಕಿತ್ಸೆಯೆಂದರೆ ಒದ್ದೆ ಬಟ್ಟೆ. ಮೆತ್ತಗಿನ ಹತ್ತಿಬಟ್ಟೆಯನ್ನು ಉಗುರುಬೆಚ್ಚಗಿನ ಸಲೈನಿನಲ್ಲಿ (ಉಪ್ಪುನೀರಿನ ದ್ರಾವಣದಲ್ಲಿ) ಅದ್ದಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಮುಖದ ಮೇಲೆ ಹತ್ತು ಹದಿನೈದು ನಿಮಿಷ ಹರಡಿಕೊಳ್ಳಬೇಕು. ಒಣಗಿದ ಕೀವಿನ ಹಕ್ಕಳೆ ಮೆತ್ತಗಾಗಿ ತಾನೇ ಬಿಟ್ಟುಕೊಳ್ಳುತ್ತದೆ. ಬಟ್ಟೆ ಒಣಗಲು ಬಿಟ್ಟು ಕಿತ್ತರೆ ಹೊಸ ಗಾಯವಾಗುತ್ತದೆ, ಆದ್ದರಿಂದ ಒದ್ದೆಯಿರುವಾಗಲೇ ತೆಗೆಯಿರಿ. ದಿನಕ್ಕೆ ಎರಡು ಮೂರು ಸಲ ಸಾಕು. ಗಂಟುಗಳನ್ನು ಹಿಸುಕಬೇಡಿ, ಯಾರ ಕೈಯಲ್ಲೂ ಚುಚ್ಚಿಸಬೇಡಿ. ಸುರಂಗವಾಗಿರುವ ಕಡೆ ಒತ್ತಿದರೆ ಕೀವು ಹೊರಬರುವ ಬದಲು ಇನ್ನೂ ಆಳಕ್ಕೆ ನುಗ್ಗುತ್ತದೆ, ಗುಳಿಬಿದ್ದ ಕಲೆಗೆ ದಾರಿಯಾಗುವುದೇ ಅದರಿಂದ. ಉಜ್ಜುವ ಸ್ಕ್ರಬ್, ಆಲ್ಕೊಹಾಲ್ ಬೆರೆತ ದ್ರವ, ಫೇಸ್‌ಪ್ಯಾಕ್ ಯಾವುದೂ ಬೇಡ.

ಕಣ್ಣು ಕೆಂಪಾಗಿ ಬೆಳಕು ಚುಚ್ಚಿದಂತಾದರೆ, ದೃಷ್ಟಿ ಮಸುಕಾದರೆ, ಜ್ವರ ಬಂದರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಚರ್ಮತಜ್ಞರು ಮತ್ತು ಪ್ರಸೂತಿ ತಜ್ಞರು ಒಬ್ಬರಿಗೊಬ್ಬರು ಫೋನಿನಲ್ಲಾದರೂ ಮಾತಾಡುವಂತೆ ನೀವೇ ಪಟ್ಟುಹಿಡಿಯಿರಿ. ಇಬ್ಬರೂ ಬೇರೆಬೇರೆ ಚೀಟಿ ಬರೆದು, ನಡುವೆ ಗರ್ಭಿಣಿ ಹೆಂಗಸು ಸಂದೇಶವಾಹಕಿಯಾಗಿ ಓಡಾಡುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಮನಸ್ಸಿನ ಮಾತು ಹೇಳದೆ ಮುಗಿಸಲಾರೆ. ಮುಖ ಮುಚ್ಚಿಟ್ಟುಕೊಳ್ಳಲಾಗದ ಅಂಗ. ಎಲ್ಲರೂ ‘ಬಸುರಿನ ಕಳೆ’ ನೋಡಲು ಬರುವ ತಿಂಗಳುಗಳಲ್ಲಿ ಆಕೆ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾಳೆ. ಊಟ ಬಿಡುತ್ತಾಳೆ, ನಿದ್ದೆ ಕೆಡುತ್ತದೆ, ಕೆಲವರು ತಪಾಸಣೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಹಾಗಾಗಿ ಮುಖದ ಚಿಕಿತ್ಸೆಯನ್ನು ಅಂದಚಂದದ ಬಾಬತ್ತು ಎಂದು ತಳ್ಳಿಹಾಕುವವರು ಗರ್ಭದ ಆರೈಕೆಯ ಒಂದು ಭಾಗವನ್ನೇ ತಳ್ಳಿಹಾಕುತ್ತಾರೆ. ಸ್ಟೀರಾಯ್ಡ್ ಕೂಡ ಮನಸ್ಸಿನ ಮೇಲೆ ಪರಿಣಾಮ ಬೀರಬಲ್ಲದು. ವಿಪರೀತ ಅಳು, ಚಡಪಡಿಕೆ ಕಂಡರೆ ಮನೆಯವರು ವೈದ್ಯರಿಗೆ ತಿಳಿಸಬೇಕು.

ಇನ್ನು ಪ್ರಶ್ನೆಗಳು.

ಮಗುವಿಗೆ ಅಂಟುತ್ತದೆಯೇ ಎಂದು ಮುಂದಿನ ಸಾಲಿನ ಒಬ್ಬ ಅಜ್ಜಿ ಕೇಳಿದರು. ಇಲ್ಲ, ಅಜ್ಜಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಸೋಂಕಲ್ಲ. ತಾಯಿ ಮಗುವನ್ನು ಮುದ್ದಾಡಬಹುದು, ಹಾಲೂಡಿಸಬಹುದು.

ಹೆರಿಗೆಯಾದ ಮೇಲೆ ತಾನಾಗಿ ಹೋಗುವುದಾದರೆ ಈ ಎಲ್ಲ ಔಷಧಿ ಏಕೆ ಎಂದು ಒಬ್ಬ ತರುಣ ಕೇಳಿದರು. ಕೆಲವರಲ್ಲಿ ಹೆರಿಗೆಯ ನಂತರ ತಗ್ಗುವುದು ನಿಜ. ಆದರೆ ನಾಲ್ಕನೇ ತಿಂಗಳಲ್ಲಿ ಶುರುವಾದ ಕಾಯಿಲೆಗೆ ಹೆರಿಗೆ ಇನ್ನೂ ಐದು ತಿಂಗಳು ದೂರ. ಅಷ್ಟರಲ್ಲಿ ಬೀಳುವ ಗುಳಿಗಳು ಹೆರಿಗೆಯಾಯಿತೆಂದು ತುಂಬಿಕೊಳ್ಳುವುದಿಲ್ಲ. ಕಲೆಗೆ ಲೇಸರ್ ಮುಂತಾದ ಚಿಕಿತ್ಸೆ ಇದೆ, ಅದನ್ನು ಕಾಯಿಲೆ ಪೂರ್ತಿ ತಣ್ಣಗಾದ ಮೇಲೆಯೇ ಯೋಚಿಸಬೇಕು.

ಕೊನೆಯದಾಗಿ, ಹಾಲೂಡಿಸುವಾಗ ಯಾವ ಔಷಧಿ ಮುಂದುವರಿಸಬಹುದು ಎಂದು ಒಬ್ಬ ನರ್ಸ್ ಕೇಳಿದರು. ಪ್ರೆಡ್ನಿಸೊಲೋನ್ ಹಾಲಿಗೆ ಸೇರುವ ಪ್ರಮಾಣ ಅಲ್ಪ, ಸಾಮಾನ್ಯ ಪ್ರಮಾಣದಲ್ಲಿ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಐಸೊಟ್ರೆಟಿನೊಯಿನ್ ಮಾತ್ರ ಹಾಲೂಡಿಸುವ ತಾಯಿಗೂ ಕೊಡುವುದಿಲ್ಲ. ಹಾಲು ಬಿಡಿಸಿದ ಮೇಲೆ ಬೇಕಾದರೆ, ಗರ್ಭ ಪರೀಕ್ಷೆ ಮಾಡಿಸಿ, ನಂಬಬಹುದಾದ ಗರ್ಭನಿರೋಧಕ ಕ್ರಮದೊಂದಿಗೆ ಶುರುಮಾಡಬಹುದು. ಈ ಕಾಯಿಲೆಗೆ ಗರ್ಭನಿರೋಧಕ ಮಾತ್ರೆಯೂ ಪ್ರಚೋದಕ ಎಂದು ವರದಿಯಾಗಿರುವುದರಿಂದ ಯಾವ ಕ್ರಮ ಎಂಬುದನ್ನು ಪ್ರಸೂತಿ ತಜ್ಞರ ಜೊತೆ ಕೂತು ತೀರ್ಮಾನಿಸಬೇಕು. ಕಾಪರ್-ಟಿಯಂಥ, ಹಾರ್ಮೋನಿಲ್ಲದ ಸಾಧನಗಳೂ ಇವೆ.